ಚಿಕ್ಕಲಕ್ಷ್ಮಮ್ಮ ತಮಟೆ ಹಿಡಿದ ದಿನ

ದಂಡಿಗನಹಳ್ಳಿಯ ಚಿಕ್ಕಲಕ್ಷ್ಮಮ್ಮನ ಬೆರಳುಗಳು ಸುಮ್ಮನಿದ್ದುದನ್ನು ಕಂಡವರಿಲ್ಲ. ಮೊರ ಸಿಕ್ಕರೆ ಮೊರದ ಬೆನ್ನಿನ ಮೇಲೆ, ಕೊಡ ಸಿಕ್ಕರೆ ಕೊಡದ ಹೊಟ್ಟೆಯ ಮೇಲೆ, ಏನೂ ಸಿಗದಿದ್ದರೆ ತನ್ನ ಮಂಡಿಯ ಮೇಲೆಯೇ ಅವು ಕುಣಿಯುತ್ತಿದ್ದವು. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ನಿಂತು ಕ್ಯಾನನ್ನು ತಟ್ಟಿ ತಟ್ಟಿ, ಅವಳ ಸರದಿ ಬರುವ ಹೊತ್ತಿಗೆ ಹಾಲಿನ ಮೇಲೆ ಗೇಣುದ್ದ ನೊರೆ ಎದ್ದಿರುತ್ತಿತ್ತು.

"ಏನಮ್ಮೋ, ಹಾಲು ತಂದಿದ್ದೀಯೋ, ಸೋಪಿನ ನೀರು ತಂದಿದ್ದೀಯೋ?" ಎಂದು ಹಾಲು ಅಳೆಯುವವನು ರೇಗಿಸುತ್ತಿದ್ದ.

"ನೊರೆ ನಿಂಗೆ, ಹಾಲು ಸಂಘಕ್ಕೆ. ಸುಮ್ನೆ ಅಳಿ," ಎನ್ನುತ್ತಿದ್ದಳು ಇವಳು.

ಗಂಡ ಚಲುವಯ್ಯನ ಬೋಳುತಲೆಗೆ ಹರಳೆಣ್ಣೆ ಹಾಕಿ ತಟ್ಟಲು ಕೂತರಂತೂ ಕೇಳುವುದೇ ಬೇಡ. ಒಂದು ಸಲ ಅವನು ತೂಕಡಿಸುತ್ತಿದ್ದಾಗ ಮದುವೆ ದಿಬ್ಬಣದ ಬಡಿತವನ್ನು ಅವನ ನೆತ್ತಿಯ ಮೇಲೆ ಪೂರ್ತಿಯಾಗಿ ಬಾರಿಸಿಬಿಟ್ಟಿದ್ದಳು. ಅವನು ಕಣ್ಣು ಬಿಡದೆಯೇ, "ಮೂರನೇ ಏಟು ಬಿಟ್ಟೋಯ್ತು ಕಣಮ್ಮಿ," ಎಂದಿದ್ದ.

ಚಲುವಯ್ಯ ತಮಟೆಯವನು. ಸುತ್ತಿನ ಊರುಗಳಲ್ಲಿ ಮದುವೆಯಾಗಲಿ, ದೇವರ ಮೆರವಣಿಗೆಯಾಗಲಿ, ಚುನಾವಣೆ ಗೆದ್ದವರ ಮೆರವಣಿಗೆಯಾಗಲಿ, ಅವನ ತಮಟೆ ಮುಂದೆ ನಡೆಯದೆ ಜನ ಹೆಜ್ಜೆ ಎತ್ತುತ್ತಿರಲಿಲ್ಲ. ಆದರೆ ತಮಟೆ ಎಂದರೆ ಚರ್ಮ. ತಂಡಿ ಗಾಳಿ ಬೀಸಿದರೆ ಸಾಕು, ನೆನೆದ ಹಪ್ಪಳದ ಹಾಗೆ ಸಡಿಲವಾಗುತ್ತದೆ. ಹುಲ್ಲೋ ತೆಂಗಿನ ಗರಿಯೋ ಉರಿಸಿ, ಉರಿಯ ಮುಂದೆ ಹದವಾಗಿ ತಿರುಗಿಸಿ ಕಾಯಿಸಿದರೆ ಮಾತ್ರ ಅದು ಬಿಗಿದು ಗಂಟಲು ತೆರೆಯುತ್ತದೆ. ಈ ಕಾಯಿಸುವ ಕೆಲಸಕ್ಕೆ ಚಲುವಯ್ಯನ ತಾಯಿ ಒಂದು ಕಟ್ಟಳೆ ಮಾಡಿಟ್ಟಿದ್ದಳು. ಕಾಯಿಸಿದವರು ಆ ದಿನ ಕೋಲು ಹಿಡಿಯುವಂತಿಲ್ಲ. ಕಾವಿಗೆ ಅಂಗೈ ಬೆವರಿ ಕೋಲು ಜಾರುತ್ತದೆ, ಬೆಂಕಿಯ ಮುಂದೆ ಕೂತವರಿಗೆ ಅವಸರ ಹತ್ತಿ ಏಟು ಓಡುತ್ತದೆ ಎಂಬುದು ಅವಳ ಲೆಕ್ಕ. ಮಾತು ಮಾತೇ. ತನ್ನ ಹಿರಿಯ ಮಗ ಶಾಂತಿಗ್ರಾಮದ ಮದುವೆಯೊಂದರಲ್ಲಿ ಬೇರೆ ಯಾರೂ ಇಲ್ಲವೆಂದು ತಾನೇ ಕಾಯಿಸಿದ್ದಕ್ಕೆ, ಅವನನ್ನು ದಿಬ್ಬಣದ ಹಿಂದೆ ಬರಿಗೈಯಲ್ಲಿ ನಡೆಸಿದ್ದಳು.

ಹೊಳೆನರಸೀಪುರದ ಕಡೆಯಿಂದ ಸೊಸೆಯಾಗಿ ಬಂದ ಚಿಕ್ಕಲಕ್ಷ್ಮಮ್ಮ ಒಲೆಯ ಮುಂದೆ ಜಾಣೆ ಎಂದು ಕಂಡ ಅತ್ತೆ, ಬೆಂಕಿಯನ್ನು ಅವಳಿಗೇ ಒಪ್ಪಿಸಿದಳು. ಅಂದಿನಿಂದ ಬೆಂಕಿ ಇವಳದು, ಕೋಲು ಅವನದು. ಎಲ್ಲ ಬಡಿತವೂ ಇವಳಿಗೆ ಬಾಯಿಪಾಠ. ಆದರೆ ಇವಳು ಕಾಯಿಸದೆ ಇರುವ ದಿನವೇ ಬರಲಿಲ್ಲ, ಹಾಗಾಗಿ ಬಾರಿಸುವ ದಿನವೂ ಬರಲಿಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಕಟ್ಟಳೆ ಮಾತ್ರ ಗಟ್ಟಿಯಾಗಿ ಬದುಕಿತ್ತು.

"ಒಂದ್ ಕಿತ ನೀನು ಕಾಯ್ಸು, ನಾನು ಬಾರಿಸ್ತೀನಿ," ಎಂದು ಅವಳು ಆಗಾಗ ಕೇಳಿದ್ದುಂಟು.

"ನಂಗೆ ಕಾಯ್ಸಕ್ ಬರಾಕಿಲ್ಲ ಕಣಮ್ಮಿ," ಎನ್ನುತ್ತಿದ್ದ ಚಲುವಯ್ಯ. ಬಾರದು ಎನ್ನುವುದರಲ್ಲಿ ಅವನಿಗೆ ಎಷ್ಟು ಹೆಮ್ಮೆ ಎಂದರೆ, ಕಲಿಯುವ ಯೋಚನೆಯನ್ನೇ ಅವನು ಮಾಡಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಆಷಾಢದಲ್ಲಿ ಊರಿನ ಸ್ತ್ರೀಶಕ್ತಿ ಸಂಘದವರು ಹಾಸನಕ್ಕೆ ಹೊರಟರು. ಹೊರಡಿಸಿದವಳು ಅಂಗನವಾಡಿ ಟೀಚರ್ ನಾಗಲಕ್ಷ್ಮಿ. ಹಾಸನದಲ್ಲಿ ಮೃದಂಗದ ಮೇಷ್ಟರೊಬ್ಬರು ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ಬಗೆಬಗೆಯ ಬಡಿಯುವ ವಾದ್ಯಗಳನ್ನು ತಂದಿಟ್ಟು ಮ್ಯೂಸಿಯಂ ಮಾಡಿದ್ದಾರೆ, ಅಲ್ಲಿ ಯಾರು ಬೇಕಾದರೂ ಮುಟ್ಟಬಹುದು, ಬಾರಿಸಬಹುದು ಎಂದು ಅವಳು ಕೇಳಿ ಬಂದಿದ್ದಳು.

"ಯಾರ್ ಬೇಕಾದ್ರೂ?" ಎಂದಳು ಚಿಕ್ಕಲಕ್ಷ್ಮಮ್ಮ. ಅವಳ ಬೆರಳು ಹಾಲಿನ ಕ್ಯಾನಿನ ಮೇಲೆ ತಟಕ್ಕನೆ ನಿಂತುಬಿಟ್ಟಿತು.

"ಯಾರ್ ಬೇಕಾದ್ರೂ ಕಣಕ್ಕ. ತಮಟೆನೂ ಐತಂತೆ."

ಆ ದಿನ ರಾಗಿ ಮುದ್ದೆ ತಿರುವುವಾಗ ಚಿಕ್ಕಲಕ್ಷ್ಮಮ್ಮನಿಗೆ ಮನಸ್ಸಿನಲ್ಲಿ ಒಂದೇ ಮಾತು. ಕಟ್ಟಳೆ ಇರುವುದು ತಮ್ಮ ಮನೆಯ ತಮಟೆಗೆ. ಹಾಸನದ ತಮಟೆಗೆ ಅತ್ತೆಯ ಮಾತು ಅಂಟುವುದಿಲ್ಲ. ಅಲ್ಲಿ ಬಾರಿಸಿದರೆ ಬಾರಿಸಿದ ಹಾಗೆ, ಇಲ್ಲದಿದ್ದರೆ ಈ ಜನ್ಮದಲ್ಲಿ ಇಲ್ಲ. ಯಜಮಾನನೊಬ್ಬ ಊರಲ್ಲೇ ಉಳಿದುಬಿಟ್ಟರೆ ಸಾಕು!

ಆದರೆ ಯಜಮಾನ ಉಳಿಯಲಿಲ್ಲ. "ಕಂಡಕಂಡೋರೆಲ್ಲ ಬಾರ್ಸೋ ತಮಟೆ ಅದೆಂತದು, ನಾನೂ ನೋಡ್ಬೇಕು," ಎಂದು ಬಿಳಿ ಅಂಗಿ ತೊಟ್ಟು, ಟೆಂಪೋದಲ್ಲಿ ಡ್ರೈವರ್ ರಂಗಸ್ವಾಮಿಯ ಪಕ್ಕದ ಸೀಟನ್ನೇ ಹಿಡಿದು ಕೂತ. ಹಿಂದೆ ಹೆಂಗಸರು ಒತ್ತೊತ್ತಾಗಿ ಕೂತು, ಯಾರ ಮೊಣಕೈ ಯಾರ ಪಕ್ಕೆಗೆ ಎಂದು ತಿಳಿಯದೆ ನಗುತ್ತಾ, ಶಾಂತಿಗ್ರಾಮ ದಾಟುವಷ್ಟರಲ್ಲಿ ತಂದಿದ್ದ ಪುರಿ, ಖಾರವನ್ನೆಲ್ಲ ಖಾಲಿ ಮಾಡಿದರು. ಚಿಕ್ಕಲಕ್ಷ್ಮಮ್ಮ ದಾರಿಯುದ್ದಕ್ಕೂ ಟೆಂಪೋದ ತಗಡನ್ನು ಬಡಿಯುತ್ತಲೇ ಬಂದಳು. ರಂಗಸ್ವಾಮಿ ಎರಡು ಸಲ ಗಾಡಿ ನಿಲ್ಲಿಸಿ, ಚಕ್ರದಲ್ಲಿ ಏನೋ ಸದ್ದು ಎಂದು ಇಳಿದು ನೋಡಿ ಬಂದ.

ಅಕ್ಕಿ ಗಿರಣಿಯ ಬಾಗಿಲಲ್ಲಿ ಮೇಷ್ಟರು ತಿರುನಾರಾಯಣ ಅವರೇ ನಿಂತಿದ್ದರು. ಹಣೆಯಲ್ಲಿ ನಾಮ, ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ನಗು.

"ಬನ್ನಿ, ಬನ್ನಿ. ಇಲ್ಲಿ ಒಂದೇ ರೂಲು. ಸುಮ್ಮನೆ ನೋಡ್ಕೊಂಡು ಹೋಗೋ ಹಾಗಿಲ್ಲ. ಬಾರಿಸಿಯೇ ಹೋಗಬೇಕು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬರ ಹಿಂದೆ ಒಬ್ಬರು ಅವಿತರು. ಕೊನೆಗೆ ಗುರುಸಿದ್ದಮ್ಮ ಮುಂದೆ ಬಂದಳು. ಅವಳು ಚಿಕ್ಕಲಕ್ಷ್ಮಮ್ಮನ ಬೀದಿಯವಳು. ಮಾತಿನಲ್ಲಿ ಯಾರಿಗೂ ಸೋಲದವಳು. ಡೊಳ್ಳಿನ ಮುಂದೆ ನಿಂತು, ದನಕ್ಕೆ ಗದರುವ ಹಾಗೆ ಒಂದು ಏಟು ಕೊಟ್ಟಳು. ಗಿರಣಿಯ ತಗಡಿನ ಮಾಡೆಲ್ಲ ಗುಡುಗಿತು.

"ಅಯ್ಯಯ್ಯಪ್ಪ! ಒಟ್ಟೆ ಒಳಿಕ್ಕೇ ಓಯ್ತು ಕಣ್ರೇ!" ಎಂದು ಹೊಟ್ಟೆ ಹಿಡಿದುಕೊಂಡು ಕೂತಳು. ಕೂತವಳು ಮತ್ತೆ ಎದ್ದು ಇನ್ನೊಂದು ಕೊಟ್ಟಳು.

ಆಮೇಲೆ ಯಾರನ್ನು ಯಾರು ತಡೆಯುತ್ತಾರೆ? ಒಬ್ಬಳು ಖಂಜಿರ, ಒಬ್ಬಳು ಚಂಡೆ, ಇನ್ನೊಬ್ಬಳು ಜಾಗಟೆ. ಯಾರದೋ ಕೈ ನಗಾರಿಗೆ ಬಿತ್ತು, ಯಾರದೋ ಕೋಲು ಪಕ್ಕದವಳ ಬಳೆಗೆ ಬಿತ್ತು. ಘಟ ನೋಡಿ ಗುರುಸಿದ್ದಮ್ಮ, "ಇದು ಮಡಕೆ ಅಲ್ವಾ ಸಾ? ಅಂಗಾದ್ರೆ ನಮ್ಮ ಅಟ್ಟದಲ್ಲೂ ಒಂದು ಮ್ಯೂಸಿಯಂ ಐತೆ!" ಎಂದಳು. ಮೇಷ್ಟರು ನಗುತ್ತಾ ಅವಳ ಕೈಯನ್ನು ಘಟದ ಬಾಯಿಯ ಮೇಲಿಟ್ಟು, ಹೀಗೆ ಮುಚ್ಚಿ ಹೀಗೆ ಬಿಡಿ ಎಂದು ತೋರಿಸಿದರು. ಅದು 'ಗುಂಯ್' ಎಂದಿತು. ಅವಳು ತಾನೇ ಕರು ಹಾಕಿದಷ್ಟು ಬೆರಗಿನಿಂದ ಘಟದೊಳಗೆ ಇಣುಕಿದಳು. ಚಲುವಯ್ಯನಂತೂ ತಾಮ್ರದ ದೊಡ್ಡ ನಗಾರಿಯ ಮುಂದೆ ನಿಂತವನು ಲೋಕ ಮರೆತುಬಿಟ್ಟ.

ಚಿಕ್ಕಲಕ್ಷ್ಮಮ್ಮ ಕಾದಿದ್ದು ಇದಕ್ಕೇ. ತಮಟೆ ಮೂಲೆಯ ಗೂಟದಲ್ಲಿ ನೇತಾಡುತ್ತಿತ್ತು. ಬೆರಳಿನಿಂದ ಒಂದು ಸಲ ತಟ್ಟಿ ನೋಡಿದಳು. 'ಡೊಬ್' ಎಂದಿತು.

ಅಯ್ಯೋ, ಪಾಪ, ತಂಡಿ ಕುಡಿದಿದೆ ಎಂದುಕೊಂಡಳು. ಹೊರಗೆ ಸೋನೆ ಮಳೆ ಬೇರೆ. ಕೈಗೆ ತಣ್ಣಗೆ, ನುಣ್ಣಗೆ ಹತ್ತಿತು. ಮಳೆಗಾಲದಲ್ಲಿ ಯಾವುದು ತಣ್ಣಗಿರುವುದಿಲ್ಲ? ಕಾಯಿಸದ ತಮಟೆಗೆ ಕೋಲು ಹಾಕುವುದೆಂದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ. ಇದ್ದ ಒಂದೇ ಅವಕಾಶದಲ್ಲಿ 'ಡೊಬ್' ಎನ್ನಿಸಿಕೊಂಡು ಹೋಗುವುದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಹಿಂದಿನ ಬಾಗಿಲು ತೆರೆದಿತ್ತು. ಆಚೆ ಮೇಷ್ಟರ ಮನೆಯ ಬಚ್ಚಲು. ಹಂಡೆಯ ಒಲೆಯಲ್ಲಿ ತೆಂಗಿನ ಮಟ್ಟೆ ಧಗಧಗ ಉರಿಯುತ್ತಿತ್ತು. ತಮಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮಗುವನ್ನು ಎತ್ತಿಕೊಂಡವಳ ಹಾಗೆ ಮೆಲ್ಲಗೆ ನಡೆದಳು.

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಅವಳಿಗೆ ತವರಿಗೆ ಬಂದ ಹಾಗಾಯಿತು. ಅಂಚು ಹಿಡಿದು ತಿರುಗಿಸಿದಳು. ಒಂದು ಸುತ್ತು. ಎರಡನೇ ಸುತ್ತಿಗೆ ಮೂಗು ಅರಳಿತು. ಕಾದ ಚರ್ಮದ ವಾಸನೆ ಅವಳಿಗೆ ಗೊತ್ತಿಲ್ಲದ್ದಲ್ಲ. ಇದು ಆ ವಾಸನೆಯಲ್ಲ. ಇದು ಒಲೆಗೆ ಬಿದ್ದ ಬಕೀಟಿನ ವಾಸನೆ! 'ಇದೇನಪ್ಪಾ' ಎನ್ನುವಷ್ಟರಲ್ಲಿ ತಮಟೆಯ ಮುಖ ಸುಕ್ಕಾಯಿತು, ಮುರುಟಿತು, ನಡುವೆ ಒಂದು ತೂತು ಬಿತ್ತು. ತೂತು ಅಗಲವಾಗುತ್ತಾ ಆಗುತ್ತಾ ಅಂಚಿನವರೆಗೆ ಓಡಿತು. ಅವಳ ಕೈಯಲ್ಲಿ ತಮಟೆಯ ಅಂಚಿನ ಕಬ್ಬಿಣದ ಬಳೆಯಷ್ಟೇ ಉಳಿಯಿತು. ಆ ಬಳೆಯ ನಡುವೆ ಚಲುವಯ್ಯನ ಮುಖ ಕಾಣಿಸಿತು. ವಾಸನೆ ಹಿಡಿದು ಓಡಿ ಬಂದವನು ಬಾಗಿಲಲ್ಲಿ ನಿಂತು ಬಾಯಿ ಬಿಟ್ಟಿದ್ದ.

"ಲೇ ಅಮ್ಮಿ, ಏನ್ ಮಾಡ್ದೆ?"

"ಕಾಯಿಸ್ದೆ," ಎಂದಳು.

ಅಷ್ಟರಲ್ಲಿ ಮೇಷ್ಟರು, ನಾಗಲಕ್ಷ್ಮಿ, ಗುರುಸಿದ್ದಮ್ಮ, ಸಂಘದವರೆಲ್ಲ ಬಚ್ಚಲ ಮುಂದೆ ಸೇರಿದರು. ಮೇಷ್ಟರು ಅವಳ ಕೈಯಿಂದ ಬಳೆಯನ್ನು ತೆಗೆದುಕೊಂಡು, ಅದರೊಳಗಿಂದ ಆಕಾಶ ನೋಡಿದರು, ಅವಳನ್ನು ನೋಡಿದರು. ಅವರ ಹೊಟ್ಟೆ ಅಲುಗತೊಡಗಿತು. ನೋಡನೋಡುತ್ತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಅಮ್ಮಾ, ಇದು ಪ್ಲಾಸ್ಟಿಕ್ಕು! ಶಾಲೆ ಮಕ್ಕಳು ಬಂದು ಬಡಿದು ಬಡಿದು ಚರ್ಮ ಹರೀತಾರೆ ಅಂತ ಪ್ಲಾಸ್ಟಿಕ್ ಹಾಕಿಸಿದೆ. ನೋಡೋಕೆ ಚರ್ಮದ ಹಾಗೇ ಇರಲಿ ಅಂತ ಬಣ್ಣ ಬೇರೆ ಬಳಿಸಿದೆ. ಅದನ್ನ ತಂದು ಕಾಯಿಸಿದ್ರಲ್ಲ, ಪುಣ್ಯಾತ್ಗಿತ್ತಿ!"

ಹೆಂಗಸರ ನಗು ಕಟ್ಟೆ ಒಡೆಯಿತು. ಚಿಕ್ಕಲಕ್ಷ್ಮಮ್ಮ ಮಾತ್ರ ನಗಲಿಲ್ಲ. "ನಾನು ಇನ್ನೂ ಬಾರಿಸ್ನೇ ಇಲ್ವಲ್ಲ ಸಾ," ಎಂದಳು.

ಮೇಷ್ಟರ ನಗು ಅಲ್ಲೇ ನಿಂತಿತು. ಅವರು ಎದ್ದು ಮನೆಯೊಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಇನ್ನೊಂದು ತಮಟೆ ಇತ್ತು, ಎರಡು ಕೋಲೂ ಇದ್ದವು.

"ಇದು ಚರ್ಮದ್ದು. ಯಾರಿಗೂ ಕೊಡದೆ ಎತ್ತಿಟ್ಟಿದ್ದೆ. ಮಳೆಗೆ ಇದಕ್ಕೂ ನೆಗಡಿ. ಕಾಯಿಸಲೇಬೇಕು." ಆಮೇಲೆ ಬೆರಳೆತ್ತಿ ಚಿಕ್ಕಲಕ್ಷ್ಮಮ್ಮನ ಕಡೆ ತೋರಿಸಿದರು. "ಆದರೆ ಈಯಮ್ಮ ಮಾತ್ರ ಒಲೆ ಹತ್ತಿರ ಸುಳೀಕೂಡದು! ಒಂದು ಆಹುತಿ ಸಾಕು. ಯಜಮಾನ್ರೇ, ನೀವು ತಮಟೆಯವರಂತೆ. ನೀವೇ ಕಾಯಿಸಿ, ನೀವೇ ನಾಲ್ಕು ಏಟು ಹಾಕಿ, ಕೇಳೋಣ."

ಚಿಕ್ಕಲಕ್ಷ್ಮಮ್ಮನ ಮುಖ ಇಳಿದುಹೋಯಿತು. ಇಲ್ಲಿಗೆ ಬಂದೂ ಕೋಲು ಅವನದೇ ಆಯಿತು, ಈಗ ಬೆಂಕಿಯೂ ಕೈ ಬಿಟ್ಟಿತು. ಚಲುವಯ್ಯ ಮಾತ್ರ ಉಬ್ಬಿಹೋಗಿದ್ದ. ಮೇಷ್ಟರಂಥ ಮೇಷ್ಟರು ಕೇಳಿದ್ದಾರೆ! ಹಿಂದೆ ಮುಂದೆ ನೋಡದೆ ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕೂತೇಬಿಟ್ಟ.

ಕೂತ ಮೇಲೆ ತಿಳಿಯಿತು, ಅದು ಅವನು ಕೂತು ಪಳಗಿದ ಜಾಗವಲ್ಲ ಎಂದು. ಹೊಗೆ ಕಣ್ಣಿಗೆ ನುಗ್ಗಿತು. ತಮಟೆಯನ್ನು ಉರಿಯೊಳಗೇ ತೂರಿಸಹೋಗಿ ಕೈ ಸುಟ್ಟುಕೊಂಡ. ಆಮೇಲೆ ಹೆದರಿ ಮಾರು ದೂರ ಹಿಡಿದ.

"ಅಷ್ಟು ದೂರ ಇಡಿದ್ರೆ ಅದಕ್ಕೆ ಬೆಂಕಿ ಕಂಡಾತಾ?" ಎಂದಳು ಚಿಕ್ಕಲಕ್ಷ್ಮಮ್ಮ, ನಿಂತಲ್ಲಿಂದಲೇ. "ಅಂಚು ಕಾಯ್ಸು. ನಡ್ಮಧ್ಯೆ ಬ್ಯಾಡ. ತಿರುಗ್ಸು, ತಿರುಗ್ಸು. ನಿಂತ್ಕಬ್ಯಾಡ."

"ತಿರುಗಿಸ್ತಾನೇ ಇವ್ನಿ ಕಣಮ್ಮಿ!"

"ತಮಟೆ ತಿರುಗ್ಸು ಅಂದೆ. ನೀನು ತಿರುಗ್ತಿದ್ದೀಯ."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಚಲುವಯ್ಯನ ಬೋಳುತಲೆಯ ಮೇಲೆ ಬೆವರು ಸಾಲುಗಟ್ಟಿತು, ಮೀಸೆಯ ತುದಿಗೆ ಮಸಿ ಹತ್ತಿತು. ಆದರೂ ಬಿಡದೆ ಕಾಯಿಸಿದ. ಕೊನೆಗೆ ಚಿಕ್ಕಲಕ್ಷ್ಮಮ್ಮ ಕಿವಿಗೊಟ್ಟು, "ತಟ್ಟು ನೋಡಾನ," ಎಂದಳು. ತಟ್ಟಿದ. 'ಟಣ್' ಎಂದಿತು.

"ಸಾಕು, ಎತ್ತು!"

ಅವನು ಎದ್ದು ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಕೋಲಿಗೆ ಕೈ ಚಾಚಿದ. ಆಗ ಗುರುಸಿದ್ದಮ್ಮ ನಡುವೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಲ್ಲಿಗೆ ಚಲುವಣ್ಣ?"

"ಬಾರ್ಸಕೆ."

"ಕಾಯಿಸ್ದೋರು ಯಾರು?"

"ನಾನೇಯಾ. ಕಣ್ಣಾರೆ ನೋಡ್ನಿಲ್ವಾ?"

"ನೋಡ್ದೆ. ಅದ್ಕೇ ಕೇಳ್ತಿರೋದು. ನಿಮ್ಮನೇಲಿ ಕಾಯ್ಸಿದೋರು ಕೋಲು ಇಡೀಬೋದಾ? ಪಾಪ, ನಿಮ್ಮಣ್ಣನ್ನ ದಿಬ್ಬಣದ ಇಂದೆ ಬರಿಗೈಲಿ ನಡೆಸಿದ್ರಲ್ಲ ನಿಮ್ಮವ್ವ, ಊರೆಲ್ಲ ನೋಡೈತೆ."

ಚಲುವಯ್ಯ ಕೋಲನ್ನು ನೋಡಿದ, ಒಲೆಯನ್ನು ನೋಡಿದ, ತನ್ನ ಕೆಂಪಗಾದ ಅಂಗೈಯನ್ನು ನೋಡಿದ. "ಅದು ನಮ್ಮನೆ ತಮಟೆಗೆ..." ಎಂದು ಶುರುಮಾಡಿದ.

"ಅವ್ವ ಅಂಗೆ ಎಲ್ಲಿ ಅಂದಿದ್ಲು?" ಎಂದಳು ಚಿಕ್ಕಲಕ್ಷ್ಮಮ್ಮ. ಬೆಳಿಗ್ಗೆ ತಾನೂ ಅದೇ ಮಾತಿನ ಆಸರೆ ಹಿಡಿದು ಬಂದಿದ್ದೆ ಎನ್ನುವುದನ್ನು ಅವಳು ಯಾರಿಗೂ ಹೇಳಲಿಲ್ಲ. "ಇಷ್ಟು ವರ್ಸ ನಾನು ಸುಮ್ಕಿರ್ನಿಲ್ವಾ? ನಾನು ಕಾಯಿಸ್ತಿದ್ದೆ, ಅದ್ಕೆ ಮುಟ್ನಿಲ್ಲ. ಇವತ್ತು ನಾನು ಕಾಯಿಸ್ನಿಲ್ಲ. ಮೇಷ್ಟ್ರು ಬಿಡ್ನಿಲ್ಲ."

"ಕಾಯಿಸಿದ್ದೆಯಲ್ಲೇ, ಆಗ್ಲೇ!"

"ಅದು ಬಕೀಟು. ತಮಟೆ ಅಲ್ಲ."

ಮೇಷ್ಟರಿಗೆ ಕಟ್ಟಳೆ ಏನೆಂದು ನಾಗಲಕ್ಷ್ಮಿ ಕಿವಿಯಲ್ಲಿ ಹೇಳಿದಳು. ಅವರು ತಲೆದೂಗಿ, ನ್ಯಾಯಾಧೀಶರ ಹಾಗೆ ಮುಖ ಮಾಡಿ, "ಹಿರಿಯರ ಮಾತು, ಯಜಮಾನ್ರೇ. ನಾವು ಮೀರೋಕಾಗತ್ತಾ?" ಎಂದರು.

ಚಲುವಯ್ಯ ಕೋಲಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ತಮಟೆಯನ್ನು ತನ್ನ ಹೆಗಲಿಂದ ತೆಗೆದು ಹೆಂಡತಿಯ ಹೆಗಲಿಗೆ ಹಾಕಿದ. ದಾರ ಉದ್ದವಾಗಿತ್ತು. ಗಂಟು ಬಿಗಿದು ಅವಳ ಎತ್ತರಕ್ಕೆ ಸರಿಮಾಡಿದ. ಸಣ್ಣ ಕಡ್ಡಿಯನ್ನು ಎಡಗೈಗೆ, ದಪ್ಪ ಕೋಲನ್ನು ಬಲಗೈಗೆ ಕೊಟ್ಟು, "ಮೂರನೇ ಏಟು ಬಿಡಬ್ಯಾಡ," ಎಂದ.

ಚಿಕ್ಕಲಕ್ಷ್ಮಮ್ಮ ಕಣ್ಣು ಮುಚ್ಚಿ ಕೋಲು ಎತ್ತಿದಳು.

ಮೊದಲನೆಯ ಏಟಿಗೆ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಎರಡನೆಯದಕ್ಕೆ ಅವಳೇ ಬೆಚ್ಚಿದಳು. ಮೂರನೆಯದು ಬಿಡಲಿಲ್ಲ. ನಾಲ್ಕನೆಯದರಿಂದ ಆಚೆಗೆ ಲೆಕ್ಕ ಅವಳ ಕೈಯಲ್ಲಿರಲಿಲ್ಲ. ದಿಬ್ಬಣದ ಬಡಿತ ತಾನಾಗಿ ಓಡಿತು. ಗುರುಸಿದ್ದಮ್ಮ ಸೆರಗು ಸಿಕ್ಕಿಸಿ ಕುಣಿಯತೊಡಗಿದಳು. ನಾಗಲಕ್ಷ್ಮಿ ಟೀಚರು ಎನ್ನುವುದನ್ನು ಮರೆತು ಕುಣಿದಳು. ಸಂಘದವರು ಬಚ್ಚಲ ಮುಂದೆ ಕುಣಿದರು, ಗಿರಣಿಯೊಳಗೆ ಕುಣಿದರು, ಕುಣಿಯುತ್ತಾ ಸಿಕ್ಕಿದ್ದನ್ನೆಲ್ಲ ಬಡಿದರು. ಮೇಷ್ಟರ ಬೆರಳು ತೊಡೆಯ ಮೇಲೆ ತಾಳ ಎಣಿಸುತ್ತಿತ್ತು, ಕಾಲು ಮಾತ್ರ ಅವರನ್ನು ಕೇಳದೆ ತನ್ನ ಪಾಡಿಗೆ ತಾನು ಹೆಜ್ಜೆ ಹಾಕುತ್ತಿತ್ತು.

ಎಷ್ಟು ಹೊತ್ತಾಯಿತೋ, ಹೊರಗಿನಿಂದ ರಂಗಸ್ವಾಮಿ ಹಾರನ್ ಹೊಡೆದ. ಕತ್ತಲಾಗುವುದರೊಳಗೆ ಊರು ಸೇರಬೇಕು ಎಂದು ಕೂಗಿದ.

"ನಿಲ್ಸಮ್ಮಿ, ಒರ್ಡಾನ!" ಎಂದ ಚಲುವಯ್ಯ.

"ನಿಲ್ಸಾದು ಎಂಗೆ?" ಎಂದಳು ಚಿಕ್ಕಲಕ್ಷ್ಮಮ್ಮ, ಬಾರಿಸುತ್ತಲೇ.

ಅದು ತಮಾಷೆಯ ಮಾತಲ್ಲ. ಮೊದಲನ್ನೂ ನಡುವನ್ನೂ ಅವಳು ಕೇಳಿ ಕೇಳಿ ಕಲಿತಿದ್ದಳು. ಮುಗಿಸುವ ಹೊತ್ತಿಗೆ ಅವಳು ಯಾವಾಗಲೂ ಮೂಲೆಯಲ್ಲಿ ಕೆಂಡಕ್ಕೆ ನೀರು ಹೊಯ್ಯುತ್ತಿದ್ದಳು. ಆ 'ಚುಂಯ್' ಸದ್ದಿನಲ್ಲಿ ಕೊನೆಯ ಏಟುಗಳು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಚಲುವಯ್ಯ ಗಾಳಿಯಲ್ಲಿ ಕೈಯಾಡಿಸಿ, "ಇಂಗೆ ಇಂಗೆ ಒಡ್ದು ಬಿಟ್ಬುಡು," ಎಂದು ತೋರಿಸಿದ. ಅವಳು ಹಾಗೇ ಹೊಡೆದಳು, ಬಿಡುವುದರ ಬದಲು ಮತ್ತೆ ಮೊದಲಿಗೆ ಹೋದಳು. ತಮಟೆ ನಿಲ್ಲದೆ ಕುಣಿತ ಹೇಗೆ ನಿಲ್ಲುತ್ತದೆ? ರಂಗಸ್ವಾಮಿಯ ಹಾರನ್ನನ್ನೂ ಬಡಿತಕ್ಕೆ ಸೇರಿಸಿಕೊಂಡು ಅವಳು ಬಾಗಿಲು ದಾಟಿದಳು. ಹಿಂದೆ ಇಡೀ ಸಂಘ ಕುಣಿಯುತ್ತಾ ಟೆಂಪೋ ಹತ್ತಿತು. ಚರ್ಮ ಮಳೆಗೆ ನೆನೆಯಬಾರದೆಂದು ಚಲುವಯ್ಯ ತನ್ನ ಟವೆಲನ್ನು ತಮಟೆಯ ಮೇಲೆ ಚಪ್ಪರದ ಹಾಗೆ ಹಿಡಿದು ಪಕ್ಕದಲ್ಲೇ ಓಡಿದ.

"ಅಮ್ಮಾ, ತಮಟೆ! ತಮಟೆ ಕೊಟ್ಟು ಹೋಗಿ!" ಎಂದು ಮೇಷ್ಟರೂ ಹಿಂದೆಯೇ ಓಡಿ ಬಂದು ಟೆಂಪೋ ಹತ್ತಿದರು. ಹತ್ತಿದವರಿಗೆ ಯಾರೋ ಜಾಗ ಬಿಟ್ಟರು. ಕೂತ ಮೇಲೆ ತಾಳ ತಪ್ಪಿಸಬಾರದಲ್ಲ! ತೊಡೆ ತಟ್ಟತೊಡಗಿದರು. ಯಾರೋ ಹಿಂಬಾಗಿಲು ಮುಚ್ಚಿದರು, ರಂಗಸ್ವಾಮಿ ಗೇರು ಹಾಕಿದ.

ಟೆಂಪೋ ನಿಂತದ್ದು ಶಾಂತಿಗ್ರಾಮದ ಟೀ ಅಂಗಡಿಯ ಮುಂದೆ. ಅದೂ ಇರಚಲು ಬಡಿದು ತಮಟೆ ತಾನಾಗಿಯೇ 'ಡೊಬ್' ಎಂದದ್ದಕ್ಕೆ. ಮೇಷ್ಟರು ಕಿಟಕಿಯಿಂದ ಇಣುಕಿ, "ಇದು ಯಾವ ಊರು?" ಎಂದು ಕೇಳಿದರು. ಕಾಲಲ್ಲಿ ಚಪ್ಪಲಿ ಇಲ್ಲ, ಹೆಗಲ ಮೇಲೆ ಯಾರದೋ ಸೆರಗು.

"ಶಾಂತಿಗ್ರಾಮ, ಸಾ," ಎಂದಳು ನಾಗಲಕ್ಷ್ಮಿ, ಗಾಬರಿಯಿಂದ. "ಅಯ್ಯೋ, ನಿಮ್ಮನ್ನ ಎತ್ತಾಕ್ಕೊಂಡೇ ಬಂದ್ಬುಟ್ವಲ್ಲ!"

ಮೇಷ್ಟರು ಒಂದು ಗಳಿಗೆ ಯೋಚಿಸಿದರು. "ಹಾಸನಕ್ಕೆ ಬಸ್ಸು ಬೇಕಾದಷ್ಟಿವೆ," ಎಂದರು. "ಇನ್ನೊಂದು ಸುತ್ತು ಆಗಲಿ. ಕಾಯಿಸೋರು ಯಾರು?"

ಎಲ್ಲರೂ ಚಲುವಯ್ಯನ ಕಡೆ ತಿರುಗಿದರು. ಅವನು ಹೆಂಡತಿಯ ಮುಖ ನೋಡಿದ. ತಮಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಟೀ ಅಂಗಡಿಯ ಒಲೆಯ ಕಡೆ ನಡೆದ.

"ಅಂಚು ಮೊದ್ಲು!" ಎಂದು ಚಿಕ್ಕಲಕ್ಷ್ಮಮ್ಮ ಕೋಲೆತ್ತಿ ಕೂಗಿದಳು.

"ಗೊತ್ತು ಕಣಮ್ಮಿ, ಗೊತ್ತು!" ಎಂದ ಅವನು, ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸುತ್ತಾ.